ಸುಗ್ಗಿ ಮುಗೀಲಿ ಅನ್ನಬೇಡ್ರಿ: ಟ್ರ್ಯಾಕ್ಟರ್ ಎಂಜಿನ್ ಮತ್ತು ಆಯಿಲ್

ಇವತ್ತಿನ ಮಾತು ಎಂಜಿನ್ ಆಯಿಲ್ ಬಗ್ಗೆ. ಇಂಡಿ, ಸಿಂದಗಿ ಕಡೆ ಕಬ್ಬಿನ ಟ್ರೇಲರ್ ಎಳೆಯೋರು, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ತೊಗರಿ ರಾಶಿ ಮಾಡೋರು ಸ್ವಲ್ಪ ಕಿವಿಗೊಟ್ಟು ಕೇಳ್ರಿ.

ನಾನೂ ಒಮ್ಮೆ ಕೆಟ್ಟೇನಿ. 'ಸುಗ್ಗಿ ಮುಗೀಲಿ, ಆಮೇಲೆ ಆಯಿಲ್ ಬದಲಿಸಿದರಾಯ್ತು' ಅಂತ ಬಿಟ್ಟೆ. ರಾಶಿ ನಡುವೇನೇ ಎಂಜಿನ್ ಸೀಜ್ ಆಯ್ತು. ಬಿಚ್ಚಿ ನೋಡಿದರೆ ಬೇರಿಂಗ್ ಸವೆದಿತ್ತು, ಕ್ರ್ಯಾಂಕ್‌ಶಾಫ್ಟಿಗೆ ಗೆರೆ ಬಿದ್ದಿದ್ದವು. ಒಂದು ಡಬ್ಬಿ ಆಯಿಲ್ ಉಳಿಸಲಿಕ್ಕೆ ಹೋಗಿ ಪೂರಾ ಎಂಜಿನ್ ಕೆಲಸ ಮಾಡಿಸಬೇಕಾಯ್ತು.

ಆಯಿಲ್ ಮಾಡೋದೇನು? ತಿರುಗುವ ಶಾಫ್ಟ್ ಆಯಿಲನ್ನು ತನ್ನ ಕೆಳಗೆ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಲೋಹಕ್ಕೆ ಲೋಹ ತಾಗೋದಿಲ್ಲ. ಆ ಪದರ ಕೆಲವೇ ಮೈಕ್ರಾನ್ ದಪ್ಪ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಎಂಜಿನ್ ನಿಂತಾಗ ಈ ಪದರ ಇರೋದಿಲ್ಲ. ಚಾಲೂ ಮಾಡಿದ ಕ್ಷಣದಲ್ಲಿ ಕಾಯೋದು ಆಯಿಲ್‌ನಲ್ಲಿ ಬೆರೆಸಿದ ಸತು-ರಂಜಕದ ರಾಸಾಯನಿಕ. ಅದಕ್ಕೇ ಮುಂಜಾನೆ ಚಾಲೂ ಮಾಡಿದ ಕೂಡಲೇ ರೇಸ್ ಕೊಡಬೇಡ್ರಿ. ಆಯಿಲ್ ಲೈಟ್ ಆರಲಿ, ಒಂದು ನಿಮಿಷ ನಿಧಾನ ಓಡಲಿ.

ಇನ್ನು ನಮ್ಮ ಧೂಳು. ರಾಶಿ ಮಷಿನ್ ಹತ್ತಿರ ಏಳೋ ಧೂಳಿನ ಕಣ ಆಯಿಲ್ ಪದರಕ್ಕಿಂತ ದಪ್ಪ ಇದ್ದರೆ ಎರಡೂ ಕಡೆ ಉಜ್ಜುತ್ತದೆ. ಪಿಸ್ಟನ್ ರಿಂಗ್, ಲೈನರ್ ಸವೆದ ಮೇಲೆ ಆಯಿಲ್ ಸುಟ್ಟು ನೀಲಿ ಹೊಗೆ ಬರುತ್ತದೆ. ಹಾಗಾಗಿ ಏರ್ ಫಿಲ್ಟರ್ ದಿನಾ ನೋಡ್ರಿ. ಹಳೇ ಟ್ರ್ಯಾಕ್ಟರಿನ ಆಯಿಲ್ ಬಾತ್ ಫಿಲ್ಟರಿನ ತಳದಲ್ಲಿ ಕೆಸರು ಕೂತಿದ್ದರೆ ತೊಳೆದು, ಗುರುತಿನ ಮಟ್ಟಕ್ಕೆ ಹೊಸ ಆಯಿಲ್ ಹಾಕ್ರಿ.

'ಆಯಿಲ್ ಕಪ್ಪಾಗೇದ, ಕೆಟ್ಟೇದ' ಅಂತಾರೆ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಬೇಗ ಕಪ್ಪಾಗುತ್ತದೆ. ಮಸಿಯನ್ನು ಅಂಟಲು ಬಿಡದೆ ಹೊತ್ತು ಓಡಾಡೋದೂ ಅದರ ಕೆಲಸ. ಬಣ್ಣ ನೋಡಬೇಡ್ರಿ, ತಾಸಿನ ಮೀಟರ್ ನೋಡ್ರಿ. ನಿಮ್ಮ ಕಂಪನಿ ಪುಸ್ತಕದಲ್ಲಿ 250 ತಾಸು ಅಂತ ಇದ್ದರೆ, ದಿನಕ್ಕೆ 10 ತಾಸು ಓಡಿಸಿದಾಗ 25 ದಿನಕ್ಕೇ ಮುಗೀತು. ಸುಗ್ಗಿ ನಡುವೆಯೇ ಬದಲಿಸುವ ಸರದಿ ಬರುತ್ತದೆ! ಆಯಿಲ್ ಜೊತೆ ಫಿಲ್ಟರೂ ಬದಲಿಸ್ರಿ. ಧೂಳು ಹೆಚ್ಚಿದ್ದರೆ ಇನ್ನೂ ಬೇಗ.

ಡಬ್ಬಿ ಮೇಲಿನ 15ಡಬ್ಲ್ಯೂ-40 ಅಂದರೆ? ಮೊದಲಿನದು ಚಳಿಯಲ್ಲಿ ಹರಿಯುವ ಗುಣ, 40 ಅನ್ನೋದು 100 ಡಿಗ್ರಿ ಬಿಸಿಯಲ್ಲಿ ಉಳಿಯುವ ದಪ್ಪ. ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕ್ರಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲಿನಂತೆ ಕಂಡರೆ ನೀರು ಸೇರೇದ. ಹಾಕದೇ ಮಟ್ಟ ಏರಿದರೆ ನೀರು ಇಲ್ಲವೇ ಡೀಸೆಲ್ ಸೇರೇದ. ಎಂಜಿನ್ ಚಾಲೂ ಮಾಡದೇ ಮೆಕ್ಯಾನಿಕ್ ಕರೀರಿ.

ನಮ್ಮ ಅಜ್ಜ ಕೀಲೆಣ್ಣೆ ಹಾಕದೆ ಬಂಡಿ ಹೂಡತಿರಲಿಲ್ಲ. ನಾಳೆ ಮುಂಜಾನೆ ಕೀಲಿ ತಿರುಗಿಸೋ ಮುಂಚೆ ಒಮ್ಮೆ ಡಿಪ್‌ಸ್ಟಿಕ್ ಎಳೆದು ನೋಡ್ರಿ. ಮತ್ತೆ ಸಿಗೋಣು, ಬರ್ತೀನ್ರಿ.