ಭಂಗಿ ಬರೇ ಸೊಪ್ಪಲ್ಲ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸಂಘಗಳಲ್ಲಿ ನಾವು ಕುಡಿತದ ಬಗ್ಗೆ ಬಹಳ ಮಾತಾಡುತ್ತೇವೆ. ಭಂಗಿಯ ಮಾತು ಬಂದರೆ ಮಾತ್ರ, “ಅದು ಬರೇ ಸೊಪ್ಪು, ಏನೂ ಆಗಂಗಿಲ್ಲ” ಅಂತ ಬಿಟ್ಟುಬಿಡುತ್ತೇವೆ.

ಭಂಗಿಯಲ್ಲಿ ನಶೆ ಏರಿಸುವ ಅಂಶ ಟಿ.ಎಚ್‌.ಸಿ. ಸೇದಿದರೆ ಕೆಲವೇ ನಿಮಿಷಗಳಲ್ಲಿ ತಲೆಗೆ ಏರುತ್ತದೆ. ತಿಂದರೆ ಹಾಗಲ್ಲ. ಅದು ಲಿವರಿನಲ್ಲಿ ‘11-ಹೈಡ್ರಾಕ್ಸಿ ಟಿ.ಎಚ್‌.ಸಿ.’ ಎಂಬ ಇನ್ನೂ ಜೋರಾದ ಅಂಶವಾಗುತ್ತದೆ. ನಶೆ ಏರಲು ಅರ್ಧ ತಾಸಿನಿಂದ ಎರಡು ತಾಸು ಬೇಕು. “ಇನ್ನೂ ಏರಲಿಲ್ಲ” ಅಂತ ಮತ್ತೊಂದು ಉಂಡಿ ತಿಂದರೆ ಎರಡೂ ಕೂಡಿ ಏರುತ್ತವೆ. ಎದೆ ಡವಡವ ಬಡಿಯುತ್ತದೆ, ವಾಂತಿ, ವಿಪರೀತ ಭಯ, ಇಲ್ಲದ್ದು ಕಂಡಂತಾಗುವುದು, ಎಲ್ಲ ಆಗಬಹುದು. ಮೇಲೆ ದಾರೂ ಕುಡಿದರೆ ಇನ್ನೂ ಅಪಾಯ. ಗರ್ಭಿಣಿಯರು, ಬಾಣಂತಿಯರು ಮುಟ್ಟಲೇಬಾರದು.

ಈಗ ಭಂಗಿ ಚಾಕಲೇಟಿನ ರೂಪದಲ್ಲೂ ಬರುತ್ತದೆ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಮಗು ತಿಂದು ಮಂಪರಾದರೆ ಉಸಿರಾಟವೇ ನಿಧಾನವಾಗಬಹುದು. ಮಜ್ಜಿಗೆ, ನಿಂಬೆಹುಳಿ ಕುಡಿಸುತ್ತಾ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಚಾಕಲೇಟಿನ ಹಾಳೆಯನ್ನೂ ಒಯ್ಯಿರಿ.

ಪೊಲೀಸರಿಗೆ, ಮರ್ಯಾದೆಗೆ ಅಂಜಿ ಡಾಕ್ಟರ ಮುಂದೆ ಮುಚ್ಚಿಡಬೇಡಿ. ಏನು, ಎಷ್ಟು, ಯಾವಾಗ ತಿಂದದ್ದು ಅಂತ ಇದ್ದದ್ದು ಇದ್ದಂಗೆ ಹೇಳೋಣ. ಮರ್ಯಾದೆಗಿಂತ ಜೀವ ದೊಡ್ಡದು, ಅಲ್ಲವೇ?