ಗುರುಗಳಾಗುವವರು ವಿಜ್ಞಾನ ಕಲಿಯುವ ಬಗೆ
(ಕಾರ್ಮಿಕರ ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಮಿಲ್ಲಿಗೆ ಹೊಸದಾಗಿ ಸೇರಿದ ಹುಡುಗನಿಗೆ ಯಾರೂ ಪುಸ್ತಕ ಓದಿಸಿ ಮಗ್ಗ ಕಲಿಸುವುದಿಲ್ಲ. ಮಗ್ಗದ ಮುಂದೆ ನಿಲ್ಲಿಸಿ, ಹರಿದ ಎಳೆಗೆ ಗಂಟು ಹಾಕಿಸಿ ಕಲಿಸುತ್ತಾರೆ. ಅಂಗಡಿಯವರು ಚೀಲದ ಮೇಲೆ ಬರೆದ ತೂಕವನ್ನು ನಂಬಿ ಕೂರುವುದಿಲ್ಲ. ತಕ್ಕಡಿಗೆ ಹಾಕಿ ನೋಡುತ್ತಾರೆ. ಆದರೆ ನಮ್ಮ ಮಕ್ಕಳಿಗೆ ವಿಜ್ಞಾನ ಹೇಳಬೇಕಾದವರನ್ನು ಮಾತ್ರ ಬಹಳ ಕಡೆ ಟಿಪ್ಪಣಿ ಬರೆಸಿಯೇ ತಯಾರು ಮಾಡುತ್ತೇವೆ. ಇದು ನ್ಯಾಯವೇ?

‘ಮಾಡಿ ಕಲಿಯಿರಿ’ ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತದೆ. ಒಳ್ಳೆಯ ಮಾತೇ. ಆದರೆ ಕೈ ಆಡಿದ ಮಾತ್ರಕ್ಕೆ ತಲೆಯೊಳಗಿನ ತಪ್ಪು ಹೋಗದು. ಶಾಲೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಒಂದು ಪ್ರಯೋಗವನ್ನೇ ನೋಡೋಣ. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿ, ಮೇಲೆ ಗಾಜಿನ ಲೋಟ ಮುಚ್ಚುತ್ತಾರೆ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ‘ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಮ್ಲಜನಕ, ಅದು ಉರಿದು ಹೋಯಿತು, ಆ ಜಾಗಕ್ಕೆ ನೀರು ಬಂತು’ ಎಂದು ಗುರುಗಳು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ.

ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 21 ಪಾಲು ಇರುವುದು ನಿಜ. ಆದರೆ ಈ ಪ್ರಯೋಗ ಅದನ್ನು ತೋರಿಸುವುದಿಲ್ಲ. ಒಂದು ಬತ್ತಿಯ ಬದಲು ಮೂರು ಹಚ್ಚಿ, ಅದೇ ಲೋಟ ಮುಚ್ಚಿ ನೋಡಿ: ನೀರು ಇನ್ನೂ ಮೇಲಕ್ಕೆ ಏರುತ್ತದೆ. ಲೋಟ ಅದೇ, ಅದರೊಳಗೆ ಹಿಡಿಯುವ ಗಾಳಿಯೂ ಅಷ್ಟೇ. ಹಾಗಾದರೆ ಆಮ್ಲಜನಕ ಹೆಚ್ಚಿತೆ? ಇಲ್ಲ. ಉರಿಯ ಬಿಸಿಗೆ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗಿರುತ್ತದೆ. ಉರಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ. ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಬತ್ತಿ ಆರಿದಾಗಲೂ ಲೋಟದಲ್ಲಿ ಆಮ್ಲಜನಕದ ಹೆಚ್ಚಿನ ಪಾಲು ಉಳಿದೇ ಇರುತ್ತದೆ.

ತರಬೇತಿಯಲ್ಲಿ ಆಗಬೇಕಾದದ್ದು ಇದು: ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಬರೆಯಲಿ, ಆಮೇಲೆ ಮಾಡಲಿ, ಊಹೆ ತಪ್ಪಿದಲ್ಲಿ ಗುಂಪಿನಲ್ಲಿ ವಾದಿಸಲಿ. ಒಳಗಿನ ತಪ್ಪು ಬಯಲಿಗೆ ಬಾರದೆ ತಿದ್ದಿಕೊಳ್ಳದು.

ಹಳ್ಳಿಯಿಂದ ಬಂದ ಬಡ ಶಿಕ್ಷಣಾರ್ಥಿಗಳಿಗೆ ಮಾತ್ರ ಈ ರೋಗ ಎಂದು ಯಾರೂ ಹೀಯಾಳಿಸಬೇಕಾಗಿಲ್ಲ. 1987ರ ಒಂದು ಚಲನಚಿತ್ರದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ 23 ಮಂದಿಯನ್ನು ಇಂಥದೇ ಸರಳ ಪ್ರಶ್ನೆಗಳಿಂದ ಪರೀಕ್ಷಿಸಿದರು. 21 ಮಂದಿ ತಪ್ಪಿದರು. ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಬರುತ್ತದೆ ಎಂದವರೇ ಹೆಚ್ಚು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯಲ್ಲಿ, ನಾವು ಚಳಿಗೆ ಕಂಬಳಿ ಹೊದೆಯುವ ಕಾಲದಲ್ಲಿ! ಋತುಗಳಿಗೆ ಕಾರಣ ಭೂಮಿಯ ಅಕ್ಷದ ಓರೆ.

ನಮ್ಮ ದೇಶದಲ್ಲಿ ಬೇರೆ ದಾರಿ ಇಲ್ಲವೆ? ಇತ್ತು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ (ಈಗಿನ ನರ್ಮದಾಪುರಂ) 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಹೊಸ ಪದ್ಧತಿಯನ್ನು ಆರಂಭಿಸಿದವು. ಮೊದಲು ಉಪಾಧ್ಯಾಯರೇ ವಿದ್ಯಾರ್ಥಿಗಳಂತೆ ಕೂತು ಪ್ರಯೋಗ ಮಾಡಿದರು, ಪ್ರಶ್ನಿಸಿದರು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಳ್ಳಬಹುದಾಗಿತ್ತು. ಬಾಯಿಪಾಠಕ್ಕೆ ಬೆಲೆ ಇರಲಿಲ್ಲ. 1978ರಲ್ಲಿ ಅದು ಇಡೀ ಜಿಲ್ಲೆಗೆ ಹರಡಿತು. ಮೂವತ್ತು ವರ್ಷ ಸರ್ಕಾರಿ ಶಾಲೆಗಳಲ್ಲೇ ನಡೆದ ಆ ಕೆಲಸವನ್ನು 2002ರಲ್ಲಿ ಸರ್ಕಾರವೇ ನಿಲ್ಲಿಸಿತು.

ಹಣವಿದ್ದವರ ಮಕ್ಕಳಿಗೆ ಮನೆಪಾಠ ಉಂಟು. ಕೂಲಿಕಾರನ ಮಗುವಿಗೆ ಶಾಲೆಯ ಗುರುವೇ ಗತಿ. ಆ ಗುರು ಪ್ರಶ್ನಿಸಲು ಕಲಿಯದಿದ್ದರೆ ಮಗು ಒಪ್ಪಿಕೊಳ್ಳುವುದನ್ನೇ ಕಲಿಯುತ್ತದೆ. ಇಂದು ಲೋಟದ ಮುಂದೆ, ನಾಳೆ ಮಾಲೀಕನ ಮುಂದೆ.

ಆದ್ದರಿಂದ ನಮ್ಮ ಕೇಳಿಕೆ ಇಷ್ಟು: ತರಬೇತಿ ಸಂಸ್ಥೆಗಳಲ್ಲಿ ಪ್ರಯೋಗಕ್ಕೆ ವೇಳೆ, ಸಾಮಾನು, ಸಾಕಷ್ಟು ಬೋಧಕರು ಇರಲಿ, ಪರೀಕ್ಷೆ ತಿಳಿವಳಿಕೆಯನ್ನು ಅಳೆಯಲಿ. ಎಸ್.ಡಿ.ಎಂ.ಸಿ. ಸಭೆಗಳಿಗೆ ನೀವು ಹೋಗಿ. ಗೋಡೆಗೆ ಸುಣ್ಣ ಬಳಿದರೇ ಎಂದು ಕೇಳಿದ ಮೇಲೆ, ಮಕ್ಕಳು ಈ ತಿಂಗಳು ಯಾವ ಪ್ರಯೋಗ ಮಾಡಿದರು, ಯಾವ ಪ್ರಶ್ನೆ ಕೇಳಿದರು ಎಂದೂ ಕೇಳಿ.