ಶೇಕಡಾ 99.9 ಅಂದ್ರೆ ಎಷ್ಟು ನಿಮಿಷ?

ಇವತ್ತಿನ ವಿಷಯ: ಯಾವ ವೆಬ್ ಸೇವೆಯನ್ನ ನಂಬೋದು, ಯಾವ ಲೆಕ್ಕದ ಮೇಲೆ ನಂಬೋದು?

ಧಾರವಾಡದಲ್ಲಿರೋ ಗೆಳತಿಯೊಬ್ಬಳು ರೊಟ್ಟಿ, ಶೇಂಗಾ ಚಟ್ನಿ ಮಾಡಿ ಆನ್‌ಲೈನ್‌ನಲ್ಲಿ ಮಾರ್ತಾಳೆ. ತನ್ನ ವೆಬ್‌ಸೈಟ್‌ಗೆ ಹೋಸ್ಟಿಂಗ್ ಹುಡುಕ್ತಾ ಎರಡು ಕಂಪನಿಗಳ ಲಿಂಕ್ ಕಳಿಸಿದ್ದಳು. ಒಂದರಲ್ಲಿ 99% ಅಪ್‌ಟೈಮ್, ಇನ್ನೊಂದರಲ್ಲಿ 99.9%. "ಪಾಯಿಂಟ್ ಒಂಬತ್ತಕ್ಕ ಇಷ್ಟ್ ರೊಕ್ಕ ಯಾಕ್ ಕೊಡ್ಬೇಕು?" ಅಂತ ಅವಳ ಪ್ರಶ್ನೆ.

ನಾನು ಬಿ.ಕಾಂ. ಓದಿದವನು, ಕ್ಯಾಲ್ಕ್ಯುಲೇಟರ್ ತೆಗೆದೆ. 30 ದಿನದ ತಿಂಗಳಲ್ಲಿ 43,200 ನಿಮಿಷ ಇರುತ್ತೆ. 99% ಅಂದ್ರೆ ತಿಂಗಳಿಗೆ 7 ಗಂಟೆ 12 ನಿಮಿಷ ಸೈಟ್ ಬಂದ್ ಆದರೂ ಕಂಪನಿ ಮಾತು ತಪ್ಪಿದಂಗಲ್ಲ. 99.9% ಅಂದ್ರೆ ಸುಮಾರು 43 ನಿಮಿಷ. 99.99% ಆದ್ರೆ ನಾಲ್ಕು ನಿಮಿಷ ಚಿಲ್ಲರೆ. ಆ ಏಳು ಗಂಟೆ ಮಂಗಳವಾರ ನಡುರಾತ್ರಿ ಹೋದ್ರೆ ಯಾರಿಗೂ ಗೊತ್ತಾಗಲ್ಲ. ಆದರೆ ಇವಳಿಗೆ ಆರ್ಡರ್ ಬರೋದೇ ಭಾನುವಾರ ಸಂಜೆ. ಆಗ ಹೋದ್ರೆ ವಾರದ ವ್ಯಾಪಾರವೇ ಹೋಯ್ತು.

ಆಮೇಲೆ ಕರಾರು ಓದಿ. ಇದಕ್ಕೆ ಎಸ್‌ಎಲ್‌ಎ ಅಂತಾರೆ, ಸೇವೆಯ ಮಟ್ಟದ ಒಪ್ಪಂದ. ಮಾತು ತಪ್ಪಿದ್ರೆ ಸಾಮಾನ್ಯವಾಗಿ ಸಿಗೋದು ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ವಿನಾಯಿತಿ, ಅದೂ ಎಷ್ಟೋ ಕಡೆ ನೀವೇ ಅರ್ಜಿ ಹಾಕಿ ಕೇಳಿದ್ರೆ ಮಾತ್ರ. ತಿಂಗಳಿಗೆ 500 ರೂಪಾಯಿ ಕಟ್ಟೋರಿಗೆ 10% ಕ್ರೆಡಿಟ್ ಕೊಟ್ರೆ 50 ರೂಪಾಯಿ ಆಯ್ತು. ಕಳೆದುಹೋದ ಆರ್ಡರ್‌ಗಳ ಲೆಕ್ಕ ಅದರಲ್ಲಿ ಇರಲ್ಲ. ಮೊದಲೇ ತಿಳಿಸಿ ಮಾಡೋ ರಿಪೇರಿ ಸಮಯವನ್ನ ಎಷ್ಟೋ ಕಂಪನಿಗಳು ಎಣಿಸೋದೇ ಇಲ್ಲ. ಹಾಗಾಗಿ ಶೇಕಡಾವಾರು ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ.

ನಾನು ಹೆಚ್ಚು ತೂಕ ಕೊಡೋದು, ಕೆಟ್ಟ ದಿನ ಬಂದಾಗ ಕಂಪನಿ ಹೇಗೆ ನಡ್ಕೊಳ್ತು ಅನ್ನೋದಕ್ಕೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರ ಕೈಯಲ್ಲಿ ಮುಖ್ಯ ಡೇಟಾಬೇಸ್ ಅಳಿಸಿಹೋಯ್ತು. ಬ್ಯಾಕಪ್‌ಗಳನ್ನ ನೋಡಿದ್ರೆ ಕೆಲವು ಕೆಲಸವೇ ಮಾಡ್ತಿರಲಿಲ್ಲ. ಸುಮಾರು ಆರು ಗಂಟೆಗಳ ಡೇಟಾ ವಾಪಸ್ ಬರಲಿಲ್ಲ. ಆದರೆ ಅವರು ಮುಚ್ಚಿಡಲಿಲ್ಲ. ರಿಪೇರಿ ಕೆಲಸವನ್ನ ಯೂಟ್ಯೂಬ್‌ನಲ್ಲಿ ಲೈವ್ ತೋರಿಸಿದರು, ಏನಾಯ್ತು ಅಂತ ವಿವರವಾಗಿ ಬರೆದು ಹಾಕಿದರು. ನೀವು ಸೇವೆ ತಗೊಳ್ಳೋ ಮುಂಚೆ ಅದರ 'ಸ್ಟೇಟಸ್ ಪೇಜ್' ತೆಗೆದು ಹಳೆಯ ತೊಂದರೆಗಳನ್ನ ಓದಿ. ವರ್ಷಪೂರ್ತಿ ಎಲ್ಲಾ ಹಸಿರು, ಒಂದೂ ತೊಂದರೆ ಇಲ್ಲ ಅಂತಿದ್ರೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ.

ಬ್ಯಾಕಪ್ ಎಲ್ಲಿರುತ್ತೆ ಅಂತಲೂ ಕೇಳಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟುಹೋಯ್ತು. ಬೇರೆ ಕಡೆ ಪ್ರತಿ ಇಟ್ಟವರು ಎದ್ದು ನಿಂತರು, ಇಡದವರಲ್ಲಿ ಎಷ್ಟೋ ಜನರ ಡೇಟಾ ಶಾಶ್ವತವಾಗಿ ಹೋಯ್ತು. ಮೂಲವೂ ನಕಲೂ ಒಂದೇ ಬೀರುವಿನಲ್ಲಿದ್ರೆ ಅದು ಬ್ಯಾಕಪ್ ಅಲ್ಲ.

ಕೊನೇದು, ಬಿಟ್ಟು ಹೋಗೋ ದಾರಿ. ಗೂಗಲ್ ಪಾಡ್‌ಕಾಸ್ಟ್ಸ್ ಆ್ಯಪ್ ನೆನಪಿದೆಯಾ? 2024ರಲ್ಲಿ ಬಾಗಿಲು ಹಾಕಿತು. ನಿಮ್ಮಲ್ಲಿ ಕೆಲವರು ನನ್ನನ್ನ ಅಲ್ಲೇ ಕೇಳ್ತಿದ್ರಿ. ಆದರೆ ಚಂದಾದಾರಿಕೆಯ ಪಟ್ಟಿಯನ್ನ ಒಂದು ಫೈಲ್ ಮಾಡಿ ಬೇರೆ ಆ್ಯಪ್‌ಗೆ ಒಯ್ಯೋಕೆ ಅವಕಾಶ ಕೊಟ್ಟಿತ್ತು. ನನ್ನ ಎಪಿಸೋಡ್‌ಗಳೂ ಆ ಆ್ಯಪ್‌ನ ಸ್ವತ್ತಾಗಿರಲಿಲ್ಲ, ಆರ್‌ಎಸ್‌ಎಸ್ ಫೀಡ್ ನನ್ನ ಹತ್ರಾನೇ ಇತ್ತು. ಹಾಗಾಗಿ ಅಂಗಡಿ ಮುಚ್ಚಿದ್ರೂ ಸಾಮಾನು ಉಳೀತು.

ಗೆಳತಿ 99.9ರದ್ದೇ ತಗೊಂಡಳು. ಜೊತೆಗೆ ಗ್ರಾಹಕರ ಪಟ್ಟಿಯನ್ನ ವಾರಕ್ಕೊಮ್ಮೆ ತನ್ನ ಲ್ಯಾಪ್‌ಟಾಪ್‌ಗೂ ಇಳಿಸ್ಕೊಳ್ತಾಳೆ. ಸೈಟ್ ಎದ್ದೇಳೋಕೆ ತಡ ಆದ್ರೂ ಗ್ರಾಹಕರ ನಂಬರ್ ಕೈಯಲ್ಲಿರುತ್ತಲ್ಲ.

ನಿಮಗೊಂದು ಹೋಂವರ್ಕ್. ನೀವು ದಿನಾ ಬಳಸೋ ಒಂದು ಸೇವೆಯ ಸೆಟ್ಟಿಂಗ್ಸ್‌ಗೆ ಹೋಗಿ 'ಎಕ್ಸ್‌ಪೋರ್ಟ್' ಅಥವಾ 'ಡೌನ್‌ಲೋಡ್ ಯುವರ್ ಡೇಟಾ' ಇದೆಯಾ ನೋಡಿ. ಇದ್ರೆ ಇವತ್ತೇ ಒತ್ತಿ. ಇಲ್ಲದಿದ್ರೆ, ಅಲ್ಲಿ ಏನು ಇಡಬೇಕು, ಏನು ಇಡಬಾರದು ಅಂತ ಇನ್ನೊಂದ್ಸಲ ಯೋಚಿಸಿ. ಮುಂದಿನ ವಾರ ಸಿಗೋಣ.